ಬಾಸ್ಟನ್ನಿನ ಮಂಜುಗಡ್ಡೆ, ಕಲ್ಕತ್ತೆಯ ಸೆಕೆ

1833ರ ಮೇ ತಿಂಗಳಲ್ಲಿ ಸುಮಾರು 180 ಟನ್ ಮಂಜುಗಡ್ಡೆ ಹೇರಿಕೊಂಡು ಬಾಸ್ಟನ್ನಿನಿಂದ ಹೊರಟ ‘ಟಸ್ಕನಿ’ ಹಡಗು, ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ ಸೆಪ್ಟೆಂಬರಿನಲ್ಲಿ ಕಲ್ಕತ್ತೆ ಮುಟ್ಟಿದಾಗ ಸುಮಾರು 100 ಟನ್ ಇನ್ನೂ ಗಟ್ಟಿಯಾಗಿಯೇ ಇತ್ತು. ಕೀರ್ತಿಯನ್ನೆಲ್ಲ ವ್ಯಾಪಾರಿ ಫ್ರೆಡರಿಕ್ ಟ್ಯೂಡರನ ಜಾಣ್ಮೆಗೆ ಕಟ್ಟುವುದು ರೂಢಿ. ಅದರಲ್ಲಿ ಅರ್ಧ ಪಾಲಾದರೂ ನೀರಿನ ಸ್ವಭಾವಕ್ಕೆ ಸಲ್ಲಬೇಕು. ಸೊನ್ನೆ ಡಿಗ್ರಿಯ ಮಂಜುಗಡ್ಡೆ ಬರೀ ಕರಗುವುದಕ್ಕೆ ನುಂಗುವ ಶಾಖದಲ್ಲಿ ಅಷ್ಟೇ ತೂಕದ ನೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿಯವರೆಗೆ ಕಾಯಿಸಬಹುದು. ಜೋಸೆಫ್ ಬ್ಲ್ಯಾಕ್ ಹಿಂದಿನ ಶತಮಾನದಲ್ಲೇ ಗುರುತಿಸಿದ್ದ ಗುಪ್ತೋಷ್ಣ ಇದೇ. ಹೊಟ್ಟು, ಹುಲ್ಲುಗಳ ಹೊದಿಕೆ ಇರಲಿಲ್ಲವೇ ಎಂದು ಕೇಳಬಹುದು. ಇತ್ತು, ಅದಿಲ್ಲದೆ ವ್ಯಾಪಾರವೂ ಇಲ್ಲ. ಆದರೆ ಹೊದಿಕೆ ಶಾಖವನ್ನು ನಿಧಾನಗೊಳಿಸುತ್ತದೆಯೇ ಹೊರತು ಪೂರಾ ತಡೆಯುವುದಿಲ್ಲ. ನಾಲ್ಕು ತಿಂಗಳು ನುಸುಳಿದ ಶಾಖಕ್ಕೆ ಅಂಚಿನ ಗಡ್ಡೆ ಕರಗಿ ಬೆಲೆ ತೆತ್ತಿತು, ಒಳಗಿನ ರಾಶಿ ಉಳಿಯಿತು. ಮುಂದೆ ಈ ವ್ಯಾಪಾರವನ್ನು ಮುಗಿಸಿದ್ದೂ ಅವಸ್ಥಾಂತರವೇ: ಕಾರ್ಖಾನೆಗಳು ದ್ರವವನ್ನು ಆವಿಯಾಗಿಸಿ, ಅದರಿಂದ ನೀರಿನ ಶಾಖ ಹೀರಿಸಿ, ಊರಲ್ಲೇ ಐಸ್ ಮಾಡತೊಡಗಿದವು.