ಹಿತ್ತಲೇ ಹೆಬ್ಬಾಗಿಲಾದ ಊರು: ವೆನಿಸ್‌ನ ರೈಲು ನಿಲ್ದಾಣ ಮತ್ತು ಅದರ ಸುತ್ತಣ ದಾರಿಗಳು

ಇಟಲಿಯ ಈಶಾನ್ಯ ಕರಾವಳಿಯ ವೆನಿಸ್ ನಗರಕ್ಕೆ 1846ರವರೆಗೆ ದೋಣಿಯ ಹೊರತು ಬೇರೆ ದಾರಿ ಇರಲಿಲ್ಲ. ಮರಳ ದಿಬ್ಬಗಳ ಸಾಲೊಂದು ಕಡಲಿನಿಂದ ಬೇರ್ಪಡಿಸಿದ, ಆಳವಿಲ್ಲದ ಉಪ್ಪುನೀರಿನ ಹರವಿಗೆ ಲಗೂನ್ ಎಂದು ಹೆಸರು. ಅಂಥ ಲಗೂನಿನ ನಡುವೆ ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳ ಮೇಲೆ ಬೆಳೆದ ಈ ಊರನ್ನು ನೀರೇ ಕಾಯುತ್ತಿದ್ದುದರಿಂದ ಅದಕ್ಕೆ ಸುತ್ತುಗೋಟೆಯ ಅಗತ್ಯ ಬೀಳಲಿಲ್ಲ. ದೂರದಿಂದ ಬಂದ ರಾಯಭಾರಿಗಳೂ ವರ್ತಕರೂ ದಕ್ಷಿಣದ ಸಾನ್ ಮಾರ್ಕೊ ದಂಡೆಯಲ್ಲಿ ಇಳಿಯುತ್ತಿದ್ದರು. ಅಲ್ಲಿ ಒಂದರ ಮೇಲೆ ಸಂತ ಮಾರ್ಕನ ರೆಕ್ಕೆಯ ಸಿಂಹ, ಇನ್ನೊಂದರ ಮೇಲೆ ಸಂತ ಥಿಯೊಡೋರನ ಪ್ರತಿಮೆ ಇರುವ ಎರಡು ಕಲ್ಲುಕಂಬಗಳು ಇಂದಿಗೂ ನೀರಿಗೆ ಮುಖಮಾಡಿ ನಿಂತಿವೆ. ಯಾಕೊಪೊ ದೆ ಬಾರ್ಬರಿ ರಚಿಸಿ 1500ರಲ್ಲಿ ಪ್ರಕಟವಾದ ಪ್ರಸಿದ್ಧ ಮರದಚ್ಚಿನ ನಕ್ಷೆ ಊರನ್ನು ಮೇಲಿನಿಂದ, ದಕ್ಷಿಣದ ಕಡೆಯಿಂದ ತೋರಿಸುತ್ತದೆ. ಅದರಲ್ಲಿ ಸಾನ್ ಮಾರ್ಕೊ ಎದುರಿಗೇ ಕಾಣುತ್ತದೆ, ಇಂದು ರೈಲು ನಿಲ್ದಾಣವಿರುವ ವಾಯವ್ಯದ ಭಾಗವಾದರೋ ಎಡಬದಿಯ ಅಂಚಿಗೆ ಸರಿದಿದೆ. ಊರಿನ ಈ ಹಿತ್ತಲು ಹತ್ತೊಂಬತ್ತನೆಯ ಶತಮಾನದಲ್ಲಿ ಹೆಬ್ಬಾಗಿಲಾಯಿತು. ಇಂದಿನ ಪ್ರವಾಸಿ ವೆನಿಸ್‌ನಲ್ಲಿ ಹಿಡಿಯುವ ಮುಖ್ಯ ದಾರಿಗಳು ಬಹುಪಾಲು ಆ ಪಲ್ಲಟದಿಂದಲೇ ಹುಟ್ಟಿದವು.

ಸ್ವತಂತ್ರ ಗಣರಾಜ್ಯವಾಗಿದ್ದ ವೆನಿಸ್ 1797ರಲ್ಲಿ ನೆಪೋಲಿಯನ್ನನ ಸೇನೆಗೆ ಶರಣಾಗಿ, ಮುಂದೆ ಆಸ್ಟ್ರಿಯನ್ ಸಾಮ್ರಾಜ್ಯಕ್ಕೆ ಸೇರಿತು. ವ್ಯಾಪಾರ ಕುಸಿದು, ಟ್ರಿಯೆಸ್ಟ್ ಬಂದರು ಮುಂದೆ ಸಾಗುತ್ತಿದ್ದ ಕಾಲದಲ್ಲಿ, ಮಿಲಾನಿನೊಂದಿಗೆ ಊರನ್ನು ಜೋಡಿಸುವ ರೈಲುಮಾರ್ಗವೇ ಉಳಿವಿನ ಉಪಾಯವೆಂದು ಅಲ್ಲಿನ ವರ್ತಕರು ನಂಬಿದರು. ಚಕ್ರವರ್ತಿ ಫರ್ಡಿನಾಂಡನ ಹೆಸರು ಹೊತ್ತ ಈ ಮಾರ್ಗದ ಮೊದಲ ತುಂಡು 1842ರ ಡಿಸೆಂಬರಿನಲ್ಲಿ ಪಾದುವಾ ನಗರದಿಂದ ಲಗೂನಿನ ದಡದವರೆಗೆ ತೆರೆಯಿತಾದರೂ, ಪ್ರಯಾಣಿಕರು ಅಲ್ಲಿ ಇಳಿದು ಮತ್ತೆ ದೋಣಿ ಹತ್ತಲೇಬೇಕಿತ್ತು. ಆ ಕೊರತೆಯನ್ನು ನೀಗಿಸಿದ್ದು ತೊಮ್ಮಾಸೊ ಮೆದುನಾ ವಿನ್ಯಾಸಗೊಳಿಸಿದ ಸೇತುವೆ. 1841ರಲ್ಲಿ ಕೆಲಸ ಆರಂಭವಾಗಿ 1846ರ ಜನವರಿ 11ರಂದು ಉದ್ಘಾಟನೆಗೊಂಡ, 222 ಕಮಾನುಗಳ, ಸುಮಾರು 3.6 ಕಿಲೋಮೀಟರ್ ಉದ್ದದ ಈ ರಚನೆ ಲಗೂನಿನ ಕೆಸರಿನೊಳಕ್ಕೆ ಹೊಡೆದಿಳಿಸಿದ ಅಸಂಖ್ಯ ಮರದ ಗೂಟಗಳ ಮೇಲೆ ನಿಂತಿದೆ. ಊರನ್ನು ನೆಲಕ್ಕೆ ಕಟ್ಟಿಹಾಕಿದ ಸೇತುವೆ ಯುದ್ಧಕಾಲದಲ್ಲಿ ಶತ್ರುವಿಗೂ ದಾರಿಯಾಗಬಲ್ಲದೆಂಬುದು ಬೇಗನೆ ತಿಳಿದುಬಂತು. 1848ರಲ್ಲಿ ದಾನಿಯೆಲೆ ಮಾನಿನ್ ನೇತೃತ್ವದಲ್ಲಿ ದಂಗೆಯೆದ್ದ ವೆನಿಸ್ ಜನರು, ಮರುವರ್ಷ ಆಸ್ಟ್ರಿಯನ್ ಸೇನೆ ಮುತ್ತಿಗೆ ಹಾಕಿದಾಗ ಸೇತುವೆಯ ಕೆಲವು ಕಮಾನುಗಳನ್ನು ತಾವೇ ಸಿಡಿಸಿ ಕೆಡವಿದರು. ಸೋಲಿನ ಬಳಿಕ ಅವನ್ನು ದುರಸ್ತಿ ಮಾಡಲಾಯಿತು.

ಸೇತುವೆ ಬಂದು ತಲುಪಿದ ಸ್ಥಳ ಖಾಲಿ ನೆಲವಾಗಿರಲಿಲ್ಲ. ಊರನ್ನು ಎರಡಾಗಿ ಸೀಳಿ ಬಳಸಿ ಹರಿಯುವ ಮಹಾಕಾಲುವೆಯ, ಅಂದರೆ ಗ್ರ್ಯಾಂಡ್ ಕೆನಾಲಿನ, ಪಶ್ಚಿಮ ತುದಿಯ ಆ ದಂಡೆಯಲ್ಲಿ ಸಾಂತಾ ಲುಚಿಯಾ ಚರ್ಚು ಮತ್ತು ಕ್ರೈಸ್ತ ಸನ್ಯಾಸಿನಿಯರ ಮಠವಿದ್ದವು. ಕಣ್ಣಿನ ಬೇನೆಯುಳ್ಳವರು ಹರಕೆ ಹೊರುವ ಸಂತ ಲುಚಿಯಾಳ ಅವಶೇಷ ಅಲ್ಲಿತ್ತು. ಮೊದಲು ಮಠದ ಜಾಗ ರೈಲ್ವೆಗೆ ಹೋಯಿತು, 1861ರಲ್ಲಿ ಚರ್ಚನ್ನೂ ಕೆಡವಲಾಯಿತು. ಅದಕ್ಕೆ ಹಿಂದಿನ ವರ್ಷವೇ ಸಂತಳ ಅವಶೇಷವನ್ನು ಸಮೀಪದ ಸಾನ್ ಜೆರೆಮಿಯಾ ಚರ್ಚಿಗೆ ಸಾಗಿಸಿದ್ದರು. ಕಾಲುವೆಯ ಕಡೆಗಿರುವ ಅದರ ಗೋಡೆಯ ಬರಹ ಈ ಸಂಗತಿಯನ್ನು ದೋಣಿಯಲ್ಲಿ ಹೋಗುವವರಿಗೂ ಸಾರುತ್ತದೆ. ಚರ್ಚು ಇಲ್ಲವಾದರೂ ಹೆಸರು ಉಳಿಯಿತು, ನಿಲ್ದಾಣ ಇಂದಿಗೂ ಸಾಂತಾ ಲುಚಿಯಾ ಎಂದೇ ಕರೆಸಿಕೊಳ್ಳುತ್ತದೆ. ನಿಲ್ದಾಣದ ಪಕ್ಕದ ಸ್ಕಾಲ್ಜಿ ಚರ್ಚು ಕೆಡಹುವಿಕೆಯಿಂದ ಪಾರಾಯಿತು, ಆದರೆ ನೆರೆಯ ನಿಲ್ದಾಣ ಅದಕ್ಕೂ ಬೆಲೆ ತೆರುವಂತೆ ಮಾಡಿತು: ಮೊದಲ ಮಹಾಯುದ್ಧದಲ್ಲಿ, 1915ರ ಅಕ್ಟೋಬರಿನಲ್ಲಿ, ನಿಲ್ದಾಣಕ್ಕೆ ಗುರಿಯಿಟ್ಟ ಆಸ್ಟ್ರಿಯನ್ ಬಾಂಬು ಚರ್ಚಿನ ಮೇಲೆ ಬಿದ್ದು, ಚಿತ್ರಕಾರ ತಿಯೆಪೊಲೊ ಅದರ ಒಳಛಾವಣಿಯಲ್ಲಿ ಬಿಡಿಸಿದ್ದ ಭಿತ್ತಿಚಿತ್ರ ನಾಶವಾಯಿತು.

ರೈಲು ತಂದು ಇಳಿಸಿದ ಜನರನ್ನು ಊರೊಳಕ್ಕೆ ಸಾಗಿಸುವುದು ಬೇರೆಯೇ ಸಮಸ್ಯೆಯಾಗಿತ್ತು. ಶತಮಾನಗಳ ಕಾಲ ಮಹಾಕಾಲುವೆಗೆ ಇದ್ದದ್ದು ವ್ಯಾಪಾರ ಕೇಂದ್ರವಾದ ರಿಯಾಲ್ಟೊದ ಒಂದೇ ಸೇತುವೆ. ಉಳಿದೆಡೆ ದಾಟಲು ದೋಣಿಯನ್ನೇ ನೆಚ್ಚಿಕೊಳ್ಳಬೇಕಿತ್ತು. ಇಂಗ್ಲಿಷ್ ಮೂಲದ ಎಂಜಿನಿಯರ್ ಆಲ್ಫ್ರೆಡ್ ನೆವಿಲ್ 1854ರಲ್ಲಿ ಅಕಾಡೆಮಿಯಾ ಎಂಬ ಕಲಾಸಂಸ್ಥೆಯ ಬಳಿಯೂ, 1858ರಲ್ಲಿ ನಿಲ್ದಾಣದ ಎದುರೂ ಕಬ್ಬಿಣದ ಸೇತುವೆಗಳನ್ನು ಕಟ್ಟಿದನು. ವೆನಿಸ್ 1866ರಲ್ಲಿ ಇಟಲಿ ರಾಜ್ಯಕ್ಕೆ ಸೇರಿದ ಮೇಲೆ, ನಿಲ್ದಾಣದಿಂದ ರಿಯಾಲ್ಟೊ ಕಡೆಗೆ ನೆಟ್ಟಗೆ ನಡೆದುಹೋಗಬಲ್ಲ ದಾರಿಯೊಂದನ್ನು ಪೂರ್ಣಗೊಳಿಸುವ ಕೆಲಸ ನಡೆಯಿತು: ಕಾಲುವೆಗಳನ್ನು ಮಣ್ಣಿನಿಂದ ತುಂಬಿಸಿ ಮಾಡಿದ, ಸ್ಥಳೀಯರು ರಿಯೊ ತೆರಾ ಎನ್ನುವ ಬೀದಿಗಳು ಈ ದಾರಿಯ ಒಂದು ಭಾಗವಾದರೆ, 1870ರ ದಶಕದ ಆರಂಭದಲ್ಲಿ ಹಳೆಯ ಮನೆಗಳನ್ನು ಕೆಡವಿ ತೆರೆದ, ಸ್ತ್ರಾದಾ ನೋವಾ ಎಂಬ ಅಗಲ ಬೀದಿ ಇನ್ನೊಂದು ಭಾಗವಾಯಿತು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದ ಓಣಿಗಳ ಊರಿನಲ್ಲಿ ಇಂಥ ಬೀದಿ ಎದ್ದು ಕಾಣುವುದು ಸಹಜ. ನೀರಿನ ಮೇಲೂ ಬದಲಾವಣೆ ಬಂತು. 1881ರಲ್ಲಿ ಮಹಾಕಾಲುವೆಯಲ್ಲಿ ವಪೊರೆಟ್ಟೊ ಎಂಬ ಸಣ್ಣ ಹಬೆದೋಣಿಗಳು ಕಡಿಮೆ ದರಕ್ಕೆ ಜನರನ್ನು ಒಯ್ಯತೊಡಗಿದಾಗ, ಗೊಂಡೊಲಾ ಎಂಬ ಉದ್ದನೆಯ ಕರಿ ದೋಣಿಗಳಿಗೆ ಹುಟ್ಟು ಹಾಕುವವರು ತಮ್ಮ ಹೊಟ್ಟೆಯ ಮೇಲೆ ಹೊಡೆತ ಬಿತ್ತೆಂದು ಮುಷ್ಕರ ಹೂಡಿದರು. ಹಬೆದೋಣಿ ನಿಲ್ಲಲಿಲ್ಲ, ಗೊಂಡೊಲಾ ಕ್ರಮೇಣ ವಿಹಾರದ ವಾಹನವಾಯಿತು. ಸರಕು ಸಾಗಣೆಯೂ ರೈಲಿನ ಹಿಂದೆಯೇ ಹೋಯಿತು: 1880ರಲ್ಲಿ ಪಶ್ಚಿಮ ತುದಿಯಲ್ಲಿ ರೈಲುಹಳಿಗಳಿಗೆ ಹೊಂದಿಕೊಂಡ ಹೊಸ ಹಡಗುದಕ್ಕೆ ತೆರೆದು, ಸಾನ್ ಮಾರ್ಕೊ ಎದುರಿನ ನೀರಿನ ಬಂದರು ಮಹತ್ವ ಕಳೆದುಕೊಂಡಿತು.

ಇಪ್ಪತ್ತನೆಯ ಶತಮಾನ ಈ ಪಶ್ಚಿಮಾಭಿಮುಖ ಚಲನೆಯನ್ನು ಇನ್ನಷ್ಟು ಬಲಪಡಿಸಿತು. ಫ್ಯಾಸಿಸ್ಟ್ ಆಡಳಿತ 1933ರಲ್ಲಿ ರೈಲುಸೇತುವೆಯ ಪಕ್ಕದಲ್ಲಿಯೇ ಮೋಟಾರು ವಾಹನಗಳ ಸೇತುವೆಯನ್ನು ತೆರೆಯಿತು. ಅದರ ಕೊನೆಯ ಚೌಕವಾದ ಪಿಯಾತ್ಸಾಲೆ ರೋಮಾದಿಂದ ಮುಂದೆ ಕಾರು, ಬಸ್ಸು ಯಾವುದೂ ಹೋಗಲಾರದು. ಸೇತುವೆಯ ಎಂಜಿನಿಯರ್ ಎವುಜೆನಿಯೊ ಮಿಯೊತ್ಸಿ ಮರುವರ್ಷ ನೆವಿಲ್‌ನ ತಗ್ಗಾದ ಕಬ್ಬಿಣದ ಸೇತುವೆಯನ್ನು ತೆಗೆಸಿ, ನಿಲ್ದಾಣದ ಎದುರಿಗೆ ಎತ್ತರದ ಒಂದೇ ಕಮಾನಿನ ಕಲ್ಲಿನ ಸ್ಕಾಲ್ಜಿ ಸೇತುವೆಯನ್ನು ನಿಲ್ಲಿಸಿದನು. ಆಂಜೊಲೊ ಮಾತ್ಸೋನಿ ಮತ್ತು ವಿರ್ಜೀಲಿಯೊ ವಾಲ್ಲೊಟ್ ಅವರ ವಿನ್ಯಾಸದಿಂದ ಮೊದಲಾದ ಇಂದಿನ ನಿಲ್ದಾಣ ಯುದ್ಧದ ಅಡಚಣೆ ದಾಟಿ 1950ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಗೋಪುರ, ಕಮಾನುಗಳಿಲ್ಲದ ತಗ್ಗಾದ, ಅಡ್ಡಡ್ಡಲಾಗಿ ಹಬ್ಬಿದ ಮುಂಭಾಗ, ಅದರ ಮುಂದೆ ಕಾಲುವೆಯ ಕಡೆಗೆ ಇಳಿಯುವ ವಿಶಾಲ ಮೆಟ್ಟಿಲುಗಳು: ಹೊರಬಂದವನ ಕಣ್ಣಿಗೆ ಬೀಳುವುದು ರಸ್ತೆಯಲ್ಲ, ಆಚೆ ದಡದ ಸಾನ್ ಸಿಮಿಯೋನೆ ಪಿಕ್ಕೊಲೊ ಚರ್ಚಿನ ಹಸಿರು ಗುಮ್ಮಟ ಮತ್ತು ನಡುವೆ ಓಡಾಡುವ ದೋಣಿಗಳು. ನಿಲ್ದಾಣವನ್ನು ಪಿಯಾತ್ಸಾಲೆ ರೋಮಾಕ್ಕೆ ಜೋಡಿಸುವ, ಸಾಂತಿಯಾಗೊ ಕಲಾತ್ರಾವ ವಿನ್ಯಾಸದ, ಮಹಾಕಾಲುವೆಯ ನಾಲ್ಕನೆಯ ಸೇತುವೆ 2008ರಲ್ಲಿ ತೆರೆಯಿತು. ಅದರ ಗಾಜಿನ ಮೆಟ್ಟಿಲುಗಳ ಮೇಲೆ ಮಳೆ ಬಂದಾಗ ಜನ ಜಾರಿ ಬೀಳತೊಡಗಿದ್ದು ದೀರ್ಘ ವಿವಾದಕ್ಕೆ ಕಾರಣವಾಯಿತು.

ಈ ಹಿನ್ನೆಲೆಯಿಂದ ನೋಡಿದಾಗ ಪ್ರವಾಸಿಗೆ ಎದುರಾಗುವ ಗೊಂದಲಗಳಿಗೂ ಅರ್ಥ ಬರುತ್ತದೆ. ದಡದ ಮೇಲಿನ ಮೆಸ್ತ್ರೆ 1926ರಿಂದ ವೆನಿಸ್ ನಗರಾಡಳಿತಕ್ಕೆ ಸೇರಿರುವುದರಿಂದ ಅಲ್ಲಿನ ನಿಲ್ದಾಣದ ಫಲಕದಲ್ಲೂ ವೆನಿಸ್ ಎಂಬ ಹೆಸರಿದೆ. ಅದನ್ನು ನೋಡಿ ಇಳಿದವರು ಮತ್ತೆ ರೈಲು ಹತ್ತಿ ಸೇತುವೆ ದಾಟಬೇಕಾಗುತ್ತದೆ. ಊರೊಳಗೆ ವಿಳಾಸ ಹುಡುಕುವುದು ಇನ್ನೂ ಕಷ್ಟ, ಏಕೆಂದರೆ ಸೆಸ್ತಿಯೆರೆ ಎಂದು ಕರೆಯುವ ಆರು ವಿಭಾಗಗಳಲ್ಲಿ ಪ್ರತಿಯೊಂದಕ್ಕೂ ಮನೆಸಂಖ್ಯೆಗಳ ಒಂದೇ ಸರಣಿಯಿದ್ದು, ಆ ಸರಣಿ ಬೀದಿಯಿಂದ ಬೀದಿಗೆ ಸುತ್ತಿ ಸಾವಿರಗಳನ್ನು ದಾಟುತ್ತದೆ. ಬೀದಿಯ ಹೆಸರುಗಳು ಗೋಡೆಯ ಮೇಲೆ ಕರಿ ಅಂಚಿನ ಬಿಳಿ ಸುಣ್ಣದ ಚೌಕಗಳಲ್ಲಿ ಕಾಣುತ್ತವೆ, ಒಂದೇ ಹೆಸರು ಬೇರೆ ಬೇರೆ ವಿಭಾಗಗಳಲ್ಲಿ ಮರುಕಳಿಸುವುದೂ ಉಂಟು. ಹೀಗಾಗಿ ಹೊಸಬರು ನೆಚ್ಚುವುದು ತಿರುವುಗಳಲ್ಲಿ ಹಾಕಿರುವ ಹಳದಿ ಬಾಣದ ಫಲಕಗಳನ್ನು. ಅವು ಮುಖ್ಯವಾಗಿ ರಿಯಾಲ್ಟೊ, ಸಾನ್ ಮಾರ್ಕೊ, ಅಕಾಡೆಮಿಯಾ, ಪಿಯಾತ್ಸಾಲೆ ರೋಮಾ ಮತ್ತು ರೈಲು ನಿಲ್ದಾಣದ ಕಡೆಗೆ ದಾರಿ ತೋರುತ್ತವೆ. ನಡೆಯುವವನು ಊರಿನ ಹಳೆಯ ಹಾದಿ ಹಿಡಿದೆನೆಂದು ಭಾವಿಸಿದರೂ, ಬಾಣಗಳು ಅವನನ್ನು ಹೆಚ್ಚಾಗಿ ನಡೆಸುವುದು ರೈಲಿನ ಕಾಲದಲ್ಲಿ ಅಗಲಗೊಂಡ ಬೀದಿಗಳಲ್ಲೇ.

ಜನರೆಲ್ಲ ಒಂದೇ ಕಡೆಯಿಂದ ಒಳಬರುವಂತಾದದ್ದರ ಪೂರ್ಣ ಪರಿಣಾಮ ಪ್ರವಾಸೋದ್ಯಮ ಹೆಚ್ಚಿದಂತೆ ಬಯಲಾಯಿತು. ಜನಸಂದಣಿ ಮಿತಿಮೀರಿದಾಗ ಪ್ರವಾಸಿಗಳನ್ನು ಬೇರೆ ದಾರಿಗೆ ತಿರುಗಿಸಲು ನಗರಸಭೆ 2018ರ ಏಪ್ರಿಲ್ ಕೊನೆಯಲ್ಲಿ ತಡೆಗೇಟುಗಳನ್ನು ಇರಿಸಿತು. ಒಂದು ಕಲಾತ್ರಾವ ಸೇತುವೆಯ ಬುಡದಲ್ಲಿ, ಇನ್ನೊಂದು ನಿಲ್ದಾಣದಿಂದ ಹೊರಡುವ ಲಿಸ್ತಾ ದಿ ಸ್ಪಾನ್ಯಾ ಬೀದಿಯ ಆರಂಭದಲ್ಲಿ. ಊರನ್ನು ವಿನೋದದ ಉದ್ಯಾನವನ್ನಾಗಿ ಮಾಡಲಾಗುತ್ತಿದೆಯೆಂದು ಸ್ಥಳೀಯ ಹೋರಾಟಗಾರರು ಪ್ರತಿಭಟಿಸಿದರು. 2024ರ ಏಪ್ರಿಲ್ 25ರಿಂದ, ರಾತ್ರಿ ತಂಗದೆ ಬಂದುಹೋಗುವವರಿಗೆ ಆಯ್ದ 29 ದಿನಗಳಲ್ಲಿ 5 ಯೂರೊ ಪ್ರವೇಶಶುಲ್ಕ ವಿಧಿಸಿದಾಗಲೂ ತಪಾಸಣೆಯ ಮುಖ್ಯ ಸ್ಥಳಗಳಲ್ಲಿ ನಿಲ್ದಾಣದ ಮುಂಭಾಗ ಒಂದಾಗಿತ್ತು. ಪ್ರವಾಸಿಗಳ ಹೊರೆಯನ್ನು ಹಂಚುವ ಯಾವ ಯೋಜನೆಯೇ ಆಗಲಿ, ಹಳಿಗಳು ಎಲ್ಲಿ ನಿಲ್ಲಬೇಕೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡಿದ ತೀರ್ಮಾನದೊಂದಿಗೇ ಸೆಣಸಬೇಕಾಗಿದೆ. ಆ ತೀರ್ಮಾನ ಮಾಡಿದವರ ಲೆಕ್ಕದಲ್ಲಿ ಇದ್ದದ್ದು ಸರಕು ಮತ್ತು ವ್ಯಾಪಾರ. ಅದರ ಫಲವನ್ನು ಇಂದು ಅನುಭವಿಸುತ್ತಿರುವವರು ಮುಖ್ಯವಾಗಿ ಪ್ರವಾಸಿಗಳು, ಅದರ ಭಾರವನ್ನು ಹೊರುತ್ತಿರುವವರು ಊರಿನಲ್ಲಿ ಉಳಿದಿರುವ ನಿವಾಸಿಗಳು.