ಮುಂಬಯಿಗೆ ಮೂರು ದಿನ: ಮಾಟುಂಗಕ್ಕೂ ಅರ್ಧ ದಿನವಿರಲಿ

ಊರಿನಿಂದ ನೆಂಟರು ಬರುತ್ತೇವೆಂದರೆ ಪಟ್ಟಿ ಸಿದ್ಧವೇ ಇರುತ್ತದೆ: ಮೊದಲ ದಿನ ಗೇಟ್‌ವೇ, ಮರುದಿನ ಎಲಿಫೆಂಟಾ (ಸೋಮವಾರ ರಜೆ, ನೆನಪಿರಲಿ!), ಮೂರನೆಯ ದಿನ ನಾವು ಹಳಬರು ಇನ್ನೂ ವಿ.ಟಿ. ಎನ್ನುವ ಸ್ಟೇಷನ್ನು, ಸಂಜೆ ಚೌಪಾಟಿಯ ಭೇಲ್. ನಾನು ಅದಕ್ಕೆ ಮಾಟುಂಗವನ್ನೂ ಸೇರಿಸುತ್ತೇನೆ. “ಇಡ್ಲಿ ತಿನ್ನೋಕೆ ಮುಂಬಯಿಗೆ ಬರಬೇಕಾ ಮಾರಾಯ್ರೇ?” ಅನ್ನುತ್ತಾರೆ.

ಬರಬೇಕು. 1896ರಲ್ಲಿ ಪ್ಲೇಗ್ ಬಂದು ಇಲ್ಲಿನ ಇಕ್ಕಟ್ಟಿನ ಗಲ್ಲಿಗಳಲ್ಲಿ ಸಾವಿರಾರು ಜನ ಸತ್ತರು. ಸರ್ಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಮುಂದೆ ಆ ಟ್ರಸ್ಟು ದಾದರ್, ಮಾಟುಂಗ ಕಡೆ ಗಾಳಿ ಬೆಳಕಿನ ಹೊಸ ಬಡಾವಣೆಗಳನ್ನು ಮಾಡಿತು. ಆಫೀಸು ನೌಕರಿಗೆ ಬಂದ ದಕ್ಷಿಣದವರು ಅಲ್ಲಿ ನೆಲೆಸಿದರು. ಅವರಿಗೆ ಊಟ ಹಾಕಲು ನಮ್ಮ ಕರಾವಳಿಯ ಹೋಟೆಲಿನವರೂ ಬಂದರು. ಅಲ್ಲಿನ ಮೈಸೂರು ಅಸೋಸಿಯೇಷನ್ 1926ರದ್ದು. ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು.

ಗೇಟ್‌ವೇಯನ್ನೂ ನೋಡಿ, ಬೇಡ ಅನ್ನುವುದಿಲ್ಲ. 1911ರಲ್ಲಿ ಬಂದ ದೊರೆಯ ನೆನಪಿಗೆ ಕಟ್ಟಲು ಹೊರಟು 1924ರಲ್ಲಿ ಮುಗಿಸಿದರು. 1948ರ ಫೆಬ್ರವರಿಯಲ್ಲಿ ಬ್ರಿಟಿಷರ ಕೊನೆಯ ಪಡೆ ಅದೇ ಕಮಾನಿನಡಿ ಹೊರಟುಹೋಯಿತು. ಆದರೆ ಹಗಲೆಲ್ಲ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಹುಡುಗರಿಗೆ ಯಾರೂ ಕಮಾನು ಕಟ್ಟಲಿಲ್ಲ. ಅವರ ನೆನಪು ಉಳಿದಿರುವುದು ಈ ಬಾಳೆಲೆಯ ಊಟದಲ್ಲೇ.

ಉಂಡು ಕೈತೊಳೆದ ಮೇಲೆ ಗಲ್ಲೆಯ ಹತ್ತಿರ ಕನ್ನಡದಲ್ಲೊಂದು ಮಾತಾಡಿ ನೋಡಿ. “ನಿಮ್ಮದು ಯಾವೂರು?” ಎಂಬ ಪ್ರಶ್ನೆ ಬಂದರೆ, ಮುಂದಿನ ಚರಿತ್ರೆಯನ್ನು ಅವರೇ ಹೇಳುತ್ತಾರೆ.