ಹೊಟ್ಟೆ ತುಂಬಿದ ನಾಯಿ ತೋರಿಸಿದ ದಾರಿ

ಆಫೀಸಿನ ಹೆಲ್ತ್ ಚೆಕಪ್‌ಗೆ "ಖಾಲಿ ಹೊಟ್ಟೇಲಿ ಬನ್ನಿ" ಅಂತಾರಲ್ಲ, ಹೋದ ಸಲ ಪುಣೆಯಲ್ಲಿ ನಾನು ಅದನ್ನ ಮರೆತು ಎರಡು ಬೆಣ್ಣೆ ದೋಸೆ ತಿಂದು ಹೋಗಿದ್ದೆ. ರಕ್ತ ತೆಗೆಯದೆ ವಾಪಸ್ ಕಳಿಸಿದ್ರು. ತಿಂದ ಬೆಣ್ಣೆ ರಕ್ತಕ್ಕೆ ಸೇರೋ ದಾರಿ ಮೊದಲು ಕಣ್ಣಿಗೆ ಬಿದ್ದ ಕಥೆ ಇವತ್ತಿನದು.

1622ರ ಜುಲೈ 23, ಇಟಲಿಯ ಮಿಲಾನ್. ಗಾಸ್ಪಾರೆ ಅಸೆಲ್ಲಿ ಅನ್ನೋ ವೈದ್ಯ ಗೆಳೆಯರ ಮುಂದೆ ಒಂದು ನಾಯಿಯನ್ನು ಜೀವಂತ ಕೊಯ್ದ. ನೋಡಬೇಕಿದ್ದದ್ದು ಗಂಟಲಿನ ನರ ಮತ್ತು ವಪೆಯ ಚಲನೆ. ಅರಿವಳಿಕೆ ಇಲ್ಲದ ಕಾಲ. ಇದನ್ನ ಹೇಳುವಾಗ ನನಗೇ ಸಂಕಟ ಆಗುತ್ತೆ. ವಪೆ ಕಾಣಲಿ ಅಂತ ಕರುಳನ್ನು ಸರಿಸಿದಾಗ ಅಲ್ಲೆಲ್ಲ ಬಿಳಿ ಎಳೆಗಳು. ನರ ಇರಬೇಕು ಅಂದುಕೊಂಡ. ಒಂದನ್ನು ಚುಚ್ಚಿದ್ರೆ ಹಾಲಿನಂಥ ದ್ರವ! ಆದರೆ ಇನ್ನೊಂದು ನಾಯಿಯಲ್ಲಿ ಏನೂ ಕಾಣಲಿಲ್ಲ. ಆಮೇಲೆ ಹೊಳೆಯಿತು: ಮೊದಲನೆಯದಕ್ಕೆ ಹೊಟ್ಟೆ ತುಂಬ ತಿನ್ನಿಸಿದ್ರು. ತಿನ್ನಿಸಿ ನೋಡಿದ, ಎಳೆಗಳು ಮತ್ತೆ ಬಂದವು.

ಆಹಾರವೆಲ್ಲ ಯಕೃತ್ತಿಗೆ ಹೋಗಿ ಅಲ್ಲೇ ರಕ್ತವಾಗುತ್ತೆ ಅಂತ ಗ್ರೀಕ್ ವೈದ್ಯ ಗೇಲನ್ ಹೇಳಿ ಸುಮಾರು 1400 ವರ್ಷ ಆಗಿತ್ತು. ಅಸೆಲ್ಲಿಯೂ ಅದನ್ನೇ ನಂಬಿ, ತನ್ನ ಹಾಲುನಾಳಗಳು ಯಕೃತ್ತಿಗೇ ಹೋಗುತ್ತವೆ ಅಂದ. ಬಣ್ಣದ ಚಿತ್ರಗಳಿದ್ದ ಅವನ ಪುಸ್ತಕ 1627ರಲ್ಲಿ ಬಂತು, ಅಷ್ಟರಲ್ಲಿ ಅವನು ತೀರಿಕೊಂಡಿದ್ದ. 1651ರಲ್ಲಿ ಫ್ರಾನ್ಸಿನ ಜಾನ್ ಪೆಕೆ ನಿಜವಾದ ದಾರಿಯನ್ನು ಪ್ರಕಟಿಸಿದ: ಆ 'ಹಾಲು' ಬೆನ್ನುಮೂಳೆಯ ಪಕ್ಕ ಮೇಲೇರಿ, ಕತ್ತಿನ ಬುಡದ ಹತ್ತಿರ ರಕ್ತನಾಳಕ್ಕೆ ಸೇರುತ್ತೆ. ಡೆನ್ಮಾರ್ಕಿನ ಬಾರ್ತೊಲಿನ್ ಅಂತೂ ಯಕೃತ್ತಿಗೆ ಸಮಾಧಿ ಬರಹವನ್ನೇ ಬರೆದುಬಿಟ್ಟ!

ಸ್ವಲ್ಪ ಆತುರ ಆಯ್ತು ಅನ್ನಿ. ದೋಸೆಯ ಪಿಷ್ಟದಿಂದ ಬರೋ ಗ್ಲೂಕೋಸ್, ಉದ್ದಿನ ಪ್ರೋಟೀನಿನಿಂದ ಬರೋ ಅಮೈನೋ ಆಮ್ಲ ಎರಡೂ ಕರುಳಿನ ರಕ್ತದಲ್ಲಿ ಸೇರಿ ಮೊದಲು ಯಕೃತ್ತಿಗೇ ಹೋಗೋದು. ದಾರಿ ಬೇರೆಯಾಗೋದು ಬಹುಪಾಲು ಕೊಬ್ಬಿನದು. ಕರುಳಿನ ಜೀವಕೋಶಗಳು ಅದನ್ನ ಕೈಲೋಮೈಕ್ರಾನ್ ಅನ್ನೋ ಸಣ್ಣ ಹನಿಗಳಾಗಿ ಕಟ್ಟುತ್ತವೆ. ಸೂಕ್ಷ್ಮ ರಕ್ತನಾಳದೊಳಗೆ ನುಗ್ಗೋಕೆ ಆ ಹನಿ ದಪ್ಪ. ಹಾಗಾಗಿ ಹಾಲುನಾಳ ಹಿಡಿದು, ಯಕೃತ್ತನ್ನು ಬಿಟ್ಟು, ಎಡಗಡೆ ಕತ್ತಿನ ಬುಡದಲ್ಲಿ ರಕ್ತಕ್ಕೆ ಇಳಿಯುತ್ತೆ. ಬೆಣ್ಣೆ ತಿಂದ ಕೆಲವು ಗಂಟೆ ಟ್ರೈಗ್ಲಿಸರೈಡ್ ಏರಿರೋದು ಇದಕ್ಕೇ.

ಆ ನಾಳಗಳಲ್ಲಿ ಹರಿಯೋದಕ್ಕೆ ನಮ್ಮ ಪಠ್ಯಪುಸ್ತಕ ಕೊಟ್ಟ ಹೆಸರು ದುಗ್ಧರಸ. ದುಗ್ಧ ಅಂದ್ರೆ ಹಾಲು. ಮೈಯ ಉಳಿದ ಕಡೆ ಅದು ಹೆಚ್ಚುಕಡಿಮೆ ತಿಳಿನೀರಿನ ಹಾಗೇ ಇರುತ್ತೆ. ಹೆಸರು ಸರಿಹೊಂದೋದು ಕರುಳಿನ ಹತ್ತಿರ, ಅದೂ ಜಿಡ್ಡಿನ ಊಟ ಆದಮೇಲೆ.